ಉತ್ತರ ಬೆಂಗಳೂರಿನ ಉಪಾಹಾರ ಸಂಕಥನದ ಸ್ಥಾವರ-ಜಂಗಮ ನೆಲೆಗಳು: ಒಂದು ತಾತ್ವಿಕ ಅಧ್ಯಯನ

ಅಧ್ಯಾಯ 1: ಪೀಠಿಕೆ

ಮನುಷ್ಯ ತಿನ್ನುವ ಪ್ರಾಣಿ. ಇಷ್ಟು ಹೇಳುವುದಕ್ಕೆ ಹಿಂದಿನ ವಿದ್ವಾಂಸರು ಒಂದೊಂದು ಅಧ್ಯಾಯ ತೆಗೆದುಕೊಂಡಿದ್ದಾರೆ. ಪ್ರಸ್ತುತ ಪ್ರಬಂಧವು ಆ ಪರಂಪರೆಯನ್ನು ಗೌರವಪೂರ್ವಕವಾಗಿ ಮುರಿದು ನೇರವಾಗಿ ತಿಂಡಿಗೆ ಬರುತ್ತದೆ.

ಆದರೆ ಹೋಟೆಲಿಗೆ ಹೋಗುವುದು, ತಿಂಡಿ ತಿನ್ನುವುದು, ಬರುವುದು ಎಂಬ ಸರಳೀಕೃತ ಗ್ರಹಿಕೆ ಈಗ ಹಳತಾಗಿದೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಬಳ್ಳಾರಿ ರಸ್ತೆಯ ಇಕ್ಕೆಲಗಳಲ್ಲೂ ಎದ್ದ ಹೋಟೆಲುಗಳಲ್ಲಿ ತಿಂಡಿ ಕೊಡುವುದಿಲ್ಲ, 'ಅನುಭವ' ಕೊಡುತ್ತಾರೆ. ಹಾಗೆಂದು ಅವರ ಮೆನುವಿನಲ್ಲೇ ಬರೆದಿದೆ. ಆದಕಾರಣ ಸದರಿ ಅನುಭವದ ಬಹುಮುಖಿ ಆಕೃತಿಗಳನ್ನು ಕೇಂದ್ರ-ಅಂಚುಗಳ ನಿರಂತರ ಅನುಸಂಧಾನದ ಪರಿಪ್ರೇಕ್ಷ್ಯದಲ್ಲಿಟ್ಟು ಮರುನಿರ್ವಚಿಸಿಕೊಳ್ಳಬೇಕಾದ ಚಾರಿತ್ರಿಕ ತುರ್ತು ಒದಗಿದೆ. (ಈ ವಾಕ್ಯದ ಅರ್ಥ ಯಾರೂ ಕೇಳಬಾರದು. ವಿಚಾರ ಸಂಕಿರಣಗಳಲ್ಲಿ ಇಂಥದ್ದೊಂದು ವಾಕ್ಯ ಬಂತೆಂದರೆ ಊಟಕ್ಕೆ ಬಿಡುತ್ತಾರೆ. ಅದರ ಉಪಯೋಗ ಅಷ್ಟೇ.)

ಅಧ್ಯಾಯ 2: ವ್ಯಾಪ್ತಿ ಮತ್ತು ಮಿತಿ

ಯಶವಂತಪುರದ ಎಪಿಎಂಸಿ ಯಾರ್ಡಿನಿಂದ ಹೊರಟು ಆರ್.ಟಿ. ನಗರ, ಹೆಬ್ಬಾಳ ಹಾದು ಯಲಹಂಕ ನ್ಯೂಟೌನ್ ಮುಟ್ಟುವ ಭೂಭಾಗವೇ ನಮ್ಮ ಕ್ಷೇತ್ರ. ಬಸವನಗುಡಿ, ಮಲ್ಲೇಶ್ವರಗಳನ್ನು ಬೇಕೆಂದೇ ಬಿಟ್ಟಿದ್ದೇವೆ. ಅಲ್ಲಿನ ಬೆಣ್ಣೆಯ ಮೇಲೆ ಇನ್ನೊಬ್ಬರು ಬರೆಯಲು ಜಾಗ ಉಳಿದಿಲ್ಲ.

ಉತ್ತರ ಭಾಗಕ್ಕೆ ಚರಿತ್ರೆಯಿಲ್ಲ ಎಂದು ಮೂಗು ಮುರಿಯುವವರು ಹೆಬ್ಬಾಳದ ವೀರಗಲ್ಲನ್ನು ನೋಡಬೇಕು. ಕ್ರಿ.ಶ. 750ರ ಸುಮಾರಿನದು. ರಾಷ್ಟ್ರಕೂಟರ ದಾಳಿಯಲ್ಲಿ ಪೆರ್ಬೊಳಲ್ ನಾಡಿಗಾಗಿ ಕಾದಾಡಿ ಮಡಿದ ಕಿಟ್ಟಯ್ಯನ ಕಲ್ಲು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅದೇ ಹೆಬ್ಬಾಳದ ದೋಸೆ ಹೋಟೆಲುಗಳೆದುರು ಕಾರು ನಿಲ್ಲಿಸಲು ನಡೆಯುವ ಕಾಳಗಕ್ಕೆ ಇನ್ನೂ ಯಾರೂ ಕಲ್ಲು ನೆಡಿಸಿಲ್ಲ.

ಮಿತಿ: ಸಂಶೋಧಕರ ಜೇಬು.

ಅಧ್ಯಾಯ 3: ಪೂರ್ವಸೂರಿಗಳ ಸಮೀಕ್ಷೆ

ವಡ್ಡಾರಾಧನೆಯಲ್ಲಿ ಇಡ್ಡಲಿಗೆ ಬರುತ್ತದೆ. ಇಮ್ಮಡಿ ಚಾವುಂಡರಾಯನ ಲೋಕೋಪಕಾರದಲ್ಲಿ, ಅಂದರೆ 1025ರ ಹೊತ್ತಿಗೆ, ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕಿ ರುಬ್ಬುವ ಕ್ರಮವಿದೆ. ಮೂರನೆಯ ಮಂಗರಸ ಅಡುಗೆ ಮನೆಯನ್ನೇ ಷಟ್ಪದಿಗೆ ಇಳಿಸಿ ಸೂಪಶಾಸ್ತ್ರ ಬರೆದ. ಇಷ್ಟೆಲ್ಲ ಬರೆದವರು, ಎರಡನೇ ಸಲ ಹಾಕುವ ಚಟ್ನಿಗೆ ದುಡ್ಡು ಕೇಳಬಹುದೇ ಎಂಬ ಪ್ರಶ್ನೆಗೆ ಮಾತ್ರ ಬಾಯಿ ಬಿಟ್ಟಿಲ್ಲ. ಈ ಮೌನ ಅರ್ಥಗರ್ಭಿತವಾಗಿದ್ದು, ಇದರ ಮೇಲೆ ಯಾರಾದರೂ ಪಿಎಚ್.ಡಿ. ಮಾಡಬಹುದು. ಬಹುಶಃ ಮಾಡುತ್ತಿದ್ದಾರೆ.

ಅಧ್ಯಾಯ 4: ಭೋಕ್ತೃ ವರ್ಗೀಕರಣ

ತಿನ್ನುವವರು ಎರಡು ಬಗೆ. ಕೂತು ತಿನ್ನುವವನು ಸ್ಥಾವರ, ನಿಂತು ತಿನ್ನುವವನು ಜಂಗಮ. ಜಂಗಮನಲ್ಲಿ ಐದು ಪ್ರಭೇದ:

ಅ) ಮೇಜಾಶ್ರಿತ: ಎದೆಮಟ್ಟದ ಸ್ಟೀಲ್ ಮೇಜಿನಲ್ಲಿ ಒಂದು ಮೂಲೆ ಗಿಟ್ಟಿಸಿಕೊಂಡವನು.
ಆ) ಕಟ್ಟೆಯಾಶ್ರಿತ: ಪಕ್ಕದ ಮನೆಯವರು ಬಯ್ಯುವವರೆಗೆ ಅವರ ಕಾಂಪೌಂಡನ್ನು ನಂಬಿದವನು.
ಇ) ದ್ವಿಚಕ್ರಾಶ್ರಿತ: ತನ್ನ ಸ್ಕೂಟರಿನ ಸೀಟಿನ ಮೇಲೆ ತಟ್ಟೆ ಇಟ್ಟುಕೊಂಡವನು.
ಈ) ಪರದ್ವಿಚಕ್ರಾಶ್ರಿತ: ಇನ್ನೊಬ್ಬರ ಸ್ಕೂಟರಿನ ಸೀಟಿನ ಮೇಲೆ ಇಟ್ಟುಕೊಂಡವನು.
ಉ) ನಿರಾಶ್ರಿತ: ಎಡಗೈಯಲ್ಲಿ ತಟ್ಟೆ, ಕಿವಿಗೂ ಭುಜಕ್ಕೂ ನಡುವೆ ಫೋನು, ಬಾಯಲ್ಲಿ ಟೋಕನ್.

ಜಂಗಮ ಯುಗಕ್ಕೆ ಕಾಲನಿರ್ಣಯ ಸುಲಭ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯಿತು. ಹಿಂದಿದ್ದ ತಲೆ ಆರ್. ಪ್ರಭಾಕರ್ ಅವರದು. ಚಿಕ್ಕ ಜಾಗ, ಕಣ್ಣೆದುರೇ ಅಡುಗೆ, ಮೊದಲು ದುಡ್ಡು ಆಮೇಲೆ ತಿಂಡಿ, ಕುರ್ಚಿಯಿಲ್ಲ. ಕುರ್ಚಿ ತೆಗೆದಿದ್ದಕ್ಕೆ ಬೆಲೆ ಇಳಿಯಿತು. ಆ ಲೆಕ್ಕದಲ್ಲಿ ಮೋಸವಿರಲಿಲ್ಲ.

ಇಲ್ಲೊಂದು ಮಾತು ಗಂಭೀರವಾಗಿಯೇ ಹೇಳಬೇಕು. ಹಳೆಯ ಕಾಲದ ಹೋಟೆಲೇ ಸ್ವರ್ಗ ಎಂದು ಹಾಡುವವರ ಮೇಳದಲ್ಲಿ ನಾವಿಲ್ಲ. ಆ ಸ್ವರ್ಗದಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆಗಳಿದ್ದವು. ಸಂವಿಧಾನದ 15ನೇ ವಿಧಿ ಹೋಟೆಲುಗಳ ಹೆಸರೆತ್ತಿಯೇ ಪ್ರವೇಶದ ಹಕ್ಕು ಬರೆಯಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ದರ್ಶಿನಿಯ ಮೇಜಿನಲ್ಲಿ ಯಾರ್ಡಿನ ಹಮಾಲಿಯೂ ಬ್ಯಾಂಕ್ ಮ್ಯಾನೇಜರೂ ಮೊಣಕೈ ತಾಗಿಸಿಕೊಂಡು ಖಾರಾಬಾತ್ ತಿಂದರು. ಪಕ್ಕದವನು ಯಾರೆಂದು ಕೇಳುವುದಕ್ಕೆ ಅಲ್ಲಿ ಪುರುಸೊತ್ತಿರಲಿಲ್ಲ.

ಅಧ್ಯಾಯ 5: ವಡೆಯ ವೇದಾಂತ

ಸಾಂಬಾರಿನಲ್ಲಿ ಪೂರ್ತಿ ಮುಳುಗಿದ ವಡೆ ಅದ್ವೈತ. ಸಾಂಬಾರ್ ಬೇರೆ ಬಟ್ಟಲಲ್ಲಿ ಬಂದರೆ ದ್ವೈತ. ಅರ್ಧ ನೆಂದು ಅರ್ಧ ಗರಿಗರಿ ಇದ್ದರೆ ವಿಶಿಷ್ಟಾದ್ವೈತ. ಮಧ್ವಾಚಾರ್ಯರ ಉಡುಪಿಯಿಂದ ಬಂದ ಹೋಟೆಲಿನವರೇ ದಿನವಿಡೀ 'ವಡೆ ಡಿಪ್' ಎಂದು ಕೂಗುತ್ತ ಅದ್ವೈತವನ್ನು ಮಾರುತ್ತಿರುವ ವಿಪರ್ಯಾಸವನ್ನು ಯಾವ ಮಠವೂ ಗಮನಿಸಿದಂತಿಲ್ಲ.

ಇದೇ ಜಾಡಿನಲ್ಲಿ ಬೈಟು ಕಾಫಿಯ ವಿಭಾಗಕ್ರಮ, ಚೌಚೌ ಬಾತಿನ ಗಡಿವಿವಾದ, ತಟ್ಟೆ ಇಡ್ಲಿಯ ಕ್ಷೇತ್ರಗಣಿತ ಎಂದು ಮೂರು ಅಧ್ಯಾಯ ಹಾಕಿಕೊಂಡಿದ್ದೆವು. ಬೇಡ. ಓದುವವರಿಗೆ ಹೇಗೋ ಏನೋ, ಬರೆಯುವವನಿಗೆ ಸಾಕಾಗಿದೆ.

ಅಧ್ಯಾಯ 6: ಪಠ್ಯ ವಿಶ್ಲೇಷಣೆ

ಅನುಭವ ಕೊಡುವ ಒಂದು ಹೋಟೆಲಿನ ಮೆನುವನ್ನು ಆಕರವಾಗಿ ತೆಗೆದುಕೊಳ್ಳೋಣ. ದಪ್ಪ ರಟ್ಟಿನ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಮೊದಲ ಪುಟದಲ್ಲಿ ಅಜ್ಜಿಯ ಒಲೆಯಿಂದ ಹೊರಟು ನಮ್ಮ ಆತ್ಮದವರೆಗೆ ಒಂದು ಪಯಣವಿತ್ತು. ಮೂರನೇ ಪುಟದಲ್ಲಿ 'ಬಿಡಿಸಿಟ್ಟ ಬಿಸಿಬೇಳೆಬಾತ್'. ತರಿಸಿ ನೋಡಿದೆವು. ಒಂದು ಕುಡಿಕೆಯಲ್ಲಿ ಅನ್ನ, ಇನ್ನೊಂದರಲ್ಲಿ ಬೇಳೆ, ಕಲ್ಲಿನ ಹಲಗೆಯ ಮೇಲೆ ನಾಲ್ಕು ಹುರುಳಿಕಾಯಿ, ಪಕ್ಕದಲ್ಲಿ ಪುಡಿ. ಇದಕ್ಕೆ ನಮ್ಮ ಮನೆಯಲ್ಲಿ 'ಇನ್ನೂ ಅಡುಗೆ ಆಗಿಲ್ಲ' ಎನ್ನುತ್ತಾರೆ.

ನೀರು ಕೇಳಿದರೆ ಬಾಟಲಿಯ ಮುಚ್ಚಳ ತಿರುಗಿಸಿದ ಸದ್ದು ಮೊದಲು ಬಂತು, ಬೇಕೇ ಎಂಬ ಪ್ರಶ್ನೆ ಆಮೇಲೆ. ಬಿಲ್ಲಿನ ಕೆಳಗೆ ಸೇವಾ ಶುಲ್ಕ ಕೂತಿತ್ತು. ಅದನ್ನು ತಾನೇತಾನಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟು 2025ರಲ್ಲಿ ಅದನ್ನು ಎತ್ತಿಹಿಡಿದಿದೆ. ಅಂದರೆ ಕುರ್ಚಿ ವಾಪಸು ಬಂದಿದೆ, ಬಾಡಿಗೆಯ ಮೇಲೆ.

ನಷ್ಟ ಮಾಡಿಕೊಂಡು ಹೋಟೆಲು ನಡೆಸಿ ಎಂದು ಯಾರೂ ಕೇಳುತ್ತಿಲ್ಲ. ಗ್ಯಾಸು, ಬೇಳೆ, ಕಾಫಿಪುಡಿ ಏನಾಗಿವೆ ಎಂದು ಮನೆ ನಡೆಸುವವರಿಗೆ ಗೊತ್ತು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆಗೆ ಮಿತಿ ಹಾಕಿದಾಗ ಎಂಟಿಆರ್‌ನವರು ರುಚಿ ಇಳಿಸಲಿಲ್ಲ. ಆಯಾ ದಿನದ ನಷ್ಟವನ್ನು ಬೋರ್ಡಿನ ಮೇಲೆ ಬರೆದಿಟ್ಟರು. ತಡೆಯಲಾಗದಾಗ ಬಾಗಿಲು ಹಾಕಿದರು. ನೀವೂ ಬರೆದು ಹಾಕಿ: ಖರ್ಚು ಇಷ್ಟು, ಆದ್ದರಿಂದ ದೋಸೆ ಇಷ್ಟು. ಕೊಡುತ್ತೇವೆ. ಸತ್ತ ಅಜ್ಜಿಯನ್ನು ಸಾಕ್ಷಿಗೆ ಕರೆಯಬೇಡಿ.

ಅಧ್ಯಾಯ 7: ಕ್ಷೇತ್ರಕಾರ್ಯ

ಆರ್.ಟಿ. ನಗರದ ಒಂದು ಹೋಟೆಲು. ಎಂಬತ್ತು ದಾಟಿದ ಹಿರಿಯರೊಬ್ಬರು ಕೊಡೆ ಊರಿಕೊಂಡು ಬಂದರು. ಕ್ಯಾಷ್ ಕೌಂಟರಿನಲ್ಲಿ ಜನ ಇಲ್ಲ, ಒಂದು ಪರದೆ ಇದೆ. ಮೇಜು ಒರೆಸುತ್ತಿದ್ದ ಹುಡುಗನಿಗೆ, "ಏನಪ್ಪಾ, ಎರಡು ಇಡ್ಲಿ ಸಿಗುತ್ತಾ?" ಎಂದರು. ಅವನು ಗೋಡೆಯ ಮೇಲಿನ ಚೌಕದ ಗುರುತು ತೋರಿಸಿ, "ಸ್ಕ್ಯಾನ್ ಮಾಡಿ ಅಂಕಲ್" ಎಂದ. ಅವರು ಷರಟಿನ ಜೇಬಿನಿಂದ ಗುಂಡಿ ಒತ್ತುವ ಫೋನು ತೆಗೆದು ಅದನ್ನು ಗೋಡೆಗೆ ಹಿಡಿದರು. ಸ್ವಲ್ಪ ಹೊತ್ತು ಹಿಡಿದೇ ಇದ್ದರು. ಆಮೇಲೆ ಫೋನು ಜೇಬಿಗೆ ಹಾಕಿಕೊಂಡು ಹೊರಟುಹೋದರು. ಕೂಗಿ ಕರೆದರೆ ತಿರುಗಿ ನೋಡಲಿಲ್ಲ.

ಯಾವ ಸಂಕಥನ ಇದು? ಯಾವ ಅನುಸಂಧಾನ? ಕೈಯಲ್ಲಿ ದುಡ್ಡು ಹಿಡಿದುಕೊಂಡು ಬಂದ ಮುದುಕರಿಗೆ ಎರಡು ಇಡ್ಲಿ ಕೊಡಲಾಗದ ವ್ಯವಸ್ಥೆಗೆ ನಾವು ಪರಿಪ್ರೇಕ್ಷ್ಯ ಹುಡುಕುತ್ತ ಕೂತಿದ್ದೇವೆ!

ಆ ಹುಡುಗನನ್ನು ಬಯ್ಯುವುದು ಸುಲಭ. ಊರು ಯಾವುದಪ್ಪಾ ಎಂದರೆ ಒಡಿಶಾ ಎಂದ. ಹಿಂದೆ ಕುಂದಾಪುರ ಕಡೆಯ ಮಾಣಿಗಳು ಹಿಡಿಯುತ್ತಿದ್ದ ಬಟ್ಟೆ ಈಗ ಅವನ ಕೈಗೆ ಬಂದಿದೆ. ಬೆಳಗಿನ ಜಾವ ಬಂದವನು ಮಧ್ಯಾಹ್ನದವರೆಗೂ ಕೂತಿರಲಿಲ್ಲ. ಅವನ ಪಾದ ಊದಿದ್ದು ಹವಾಯಿ ಚಪ್ಪಲಿಯ ಪಟ್ಟಿಯ ಎರಡೂ ಕಡೆ ಕಾಣುತ್ತಿತ್ತು. ನಮ್ಮ ನಾಲ್ಕನೇ ಅಧ್ಯಾಯದ ವರ್ಗೀಕರಣದಲ್ಲಿ ಅವನಿಗೆ ಜಾಗವೇ ಇಲ್ಲ. ಅದು ತಿನ್ನುವವರ ಲೆಕ್ಕ.

ಅಧ್ಯಾಯ 8: ಶಿಫಾರಸುಗಳು

ವಿದ್ವತ್ ಪ್ರಬಂಧಗಳ ಶಿಫಾರಸನ್ನು ಯಾರೂ ಓದುವುದಿಲ್ಲವಾದ್ದರಿಂದ ಇಲ್ಲಿ ನಿಜ ಹೇಳಬಹುದು. ಮೇಜಿನ ಮೇಲೆ ಒಂದು ಜಗ್ ನೀರು, ನಾಲ್ಕು ಲೋಟ ಇಡಿ. ಬೆಲೆಪಟ್ಟಿಯನ್ನು ಗೋಡೆಯ ಮೇಲೆ ಕನ್ನಡದಲ್ಲಿ, ಕನ್ನಡಕ ಮರೆತು ಬಂದವರಿಗೂ ಕಾಣುವಷ್ಟು ದೊಡ್ಡದಾಗಿ ಬರೆಸಿ. ನೋಟು ಚಿಲ್ಲರೆ ತೆಗೆದುಕೊಳ್ಳುವ ಒಬ್ಬ ಮನುಷ್ಯನನ್ನು ಕೂರಿಸಿ. ವಯಸ್ಸಾದವರಿಗೆ ಎರಡು ಕುರ್ಚಿ ಹಾಕಿ, ಅದಕ್ಕೆ ದುಡ್ಡು ಕೇಳಬೇಡಿ.

ಕೊನೆಯದು, ಕೆಲಸದವರ ಬಗ್ಗೆ. ಅಂಗಡಿ ಮುಂಗಟ್ಟುಗಳಲ್ಲಿ ದುಡಿಯುವವರಿಗೆ ಕೂರಲು ಆಸನ ಕೊಡಲೇಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ಹೋಟೆಲು ಮಾಲೀಕರೇ, ನೀವು ಸರ್ಕಾರ ಹೇಳುವವರೆಗೆ ಕಾಯಬೇಡಿ. ಮೇಜು ಒರೆಸುವವನಿಗೆ ಒಂದು ಸ್ಟೂಲು ತಂದಿಡಿ.