ಚಂದ್ರಹಾಸನಿಗೆ ಎಷ್ಟು ವಾಟ್ ಬೇಕು?

ಹೊಸ ಸ್ಪೀಕರ್ ಮನೆಗೆ ಬಂತು ಅಂದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಎಷ್ಟು ವಾಟು?" ಥೇಟ್ ವರನ ಸಂಬಳ ಕೇಳಿದ ಹಾಗೆ. ಗುಣ, ನಡತೆ, ಮಾತು-ಕತೆ ಎಲ್ಲ ಆಮೇಲೆ. ಬೇರೆ ಊರಿನವರು ಹೀಗೆ ಕೇಳಿದ್ದರೆ ಸುಮ್ಮನಿರಬಹುದಿತ್ತು. ಇದು ಕಡೂರು ತಾಲ್ಲೂಕಿನ ದೇವನೂರು, ಸ್ವಾಮಿ! ಲಕ್ಷ್ಮೀಕಾಂತನ ಗುಡಿ ಇರುವ ಊರು, ಜೈಮಿನಿ ಭಾರತ ಬರೆದ ನಾದಲೋಲ ಲಕ್ಷ್ಮೀಶನ ಊರು. ಸುರಪುರದ ಕಡೆಯವರು ಅವನು ತಮ್ಮವನು ಅಂದರೆ ಪಂಚೆ ಎತ್ತಿಕಟ್ಟಿ ಜಗಳಕ್ಕೆ ನಿಲ್ಲುತ್ತೀರಿ. ಅವನ ಪದ್ಯ ಕೇಳುವ ಪೆಟ್ಟಿಗೆ ತರುವಾಗ ಮಾತ್ರ ಕಿಟಕಿ ಗಾಜು ಅದುರಿಸುವ 'ಢಬ್ ಢಬ್' ಇದ್ದರೆ ಸಾಕು ನಿಮಗೆ!

ನಾನು ಹೇಳುತ್ತಿರುವುದು ಪವರ್ಡ್ ಬುಕ್‌ಶೆಲ್ಫ್ ಸ್ಪೀಕರ್ ವಿಷಯ. ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ಗಾತ್ರದ ಜೋಡಿ ಪೆಟ್ಟಿಗೆ. ನಮ್ಮ ಮನೆಗಳ ಕಪಾಟಿನಲ್ಲಿ ಪಂಚಾಂಗ, ರೇಷನ್ ಕಾರ್ಡು, ಲಗ್ನಪತ್ರಿಕೆಗಳ ಕಟ್ಟು, ಅಮೃತಾಂಜನದ ಸೀಸೆ ಇಷ್ಟೂ ಸೇರಿ ಪುಸ್ತಕಕ್ಕೇ ಜಾಗವಿಲ್ಲ, ಇನ್ನು ಪೆಟ್ಟಿಗೆಗೆಲ್ಲಿ ಬಂತು? ಅದಿರಲಿ. ಪವರ್ಡ್ ಅಂದರೆ ಆಂಪ್ಲಿಫೈಯರ್ ಸ್ಪೀಕರಿನ ಹೊಟ್ಟೆಯೊಳಗೇ ಇರುತ್ತದೆ. ಸಾಮಾನ್ಯವಾಗಿ ಒಂದು ಪೆಟ್ಟಿಗೆಗೆ ಕರೆಂಟು, ಇನ್ನೊಂದು ಅದರಿಂದ ತಂತಿ ಎಳೆಸಿಕೊಂಡು ಬದುಕುತ್ತದೆ. ಬೇರೆ ಆಂಪ್ಲಿಫೈಯರ್ ತಂದು, ಎರಡಕ್ಕೂ ಹೊಂದುತ್ತೋ ಇಲ್ಲವೋ ಅಂತ ತಲೆ ಕೆಡಿಸಿಕೊಳ್ಳುವ ರಗಳೆ ಇಲ್ಲ. ಸಣ್ಣ ಮನೆಗೆ ಇದೇ ಸರಿ.

ಈಗ ನಿಮ್ಮ ಪ್ರೀತಿಯ ವಾಟಿಗೆ ಬರೋಣ. ಟೂ-ಇನ್-ವನ್ ಕಾಲದಲ್ಲಿ ಪೆಟ್ಟಿಗೆಯ ಮೈಮೇಲೆ 'ಪಿಎಂಪಿಒ' ಅಂತ ಸಾವಿರಗಟ್ಟಲೆ ವಾಟಿನ ಚೀಟಿ ಅಂಟಿಸುತ್ತಿದ್ದರು, ನೆನಪಿದೆಯೇ? ಆ ಲೆಕ್ಕಕ್ಕೆ ತಲೆಯೂ ಇಲ್ಲ, ಬುಡವೂ ಇಲ್ಲ. ಅಳತೆ ಹೀಗೇ ಇರಬೇಕೆಂಬ ಕಟ್ಟುಪಾಡೂ ಇಲ್ಲ. ನೋಡಬೇಕಾದ್ದು ಆರ್‌ಎಂಎಸ್, ಅಂದರೆ ಪೆಟ್ಟಿಗೆ ಎಡೆಬಿಡದೆ ಕೊಡಬಲ್ಲ ವಾಟು. ಅದರಲ್ಲೂ ಒಂದು ಮೋಸ ಇದೆ, ಇದು ಪ್ರಕೃತಿಯೇ ಮಾಡಿದ್ದು. ವಾಟು ಎರಡರಷ್ಟಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತರಷ್ಟು ವಾಟು ಬೇಕು. ಎಡಿಫೈಯರ್ ಕಂಪನಿಯ ಆರ್ 1280 ಟಿ ಅನ್ನುವ ಜೋಡಿಯನ್ನೇ ನೋಡಿ: ಎರಡೂ ಪೆಟ್ಟಿಗೆ ಸೇರಿ 42 ವಾಟು, ನಾಲ್ಕಿಂಚಿನ ವೂಫರ್. ಹತ್ತಡಿ-ಹನ್ನೆರಡಡಿ ಕೋಣೆಗೆ ಅಷ್ಟು ಧಾರಾಳ ಸಾಕು. ನೀವೇನು ಊರಹಬ್ಬದ ಅಹುಜಾ ಹಾರನ್ ಜೊತೆ ಪಂದ್ಯ ಕಟ್ಟಿದ್ದೀರಾ?

ಸ್ಪೀಕರ್ ಪರೀಕ್ಷೆಗೆ ಅಂಗಡಿಯವರು ಹಾಕುವ ಡಿಜೆ ಹಾಡು ಬೇಡ. ನಮ್ಮೂರ ಕವಿಯೇ ಇನ್ನೂ ಒಳ್ಳೆಯ ಪರೀಕ್ಷೆ ಬರೆದಿಟ್ಟಿದ್ದಾನೆ. ಚಂದ್ರಹಾಸನ ಕಥೆ ಗೊತ್ತಲ್ಲ? ಇವನಿಗೆ ವಿಷ ಕೊಡು ಅಂತ ಮಂತ್ರಿ ದುಷ್ಟಬುದ್ಧಿ ಮಗ ಮದನನಿಗೆ ಓಲೆ ಬರೆದು, ಚಂದ್ರಹಾಸನ ಕೈಯಲ್ಲೇ ಕಳಿಸುತ್ತಾನೆ. ಉಪವನದಲ್ಲಿ ಮಲಗಿದ್ದವನ ಓಲೆಯನ್ನು ಮಂತ್ರಿಯ ಮಗಳು ವಿಷಯೆ ಓದಿ, ಕಾಡಿಗೆಯಲ್ಲಿ ಅಕ್ಷರ ತಿದ್ದಿ 'ವಿಷ'ವನ್ನು 'ವಿಷಯೆ' ಮಾಡುತ್ತಾಳೆ. ಸಾಯಬೇಕಾದವನು ಮದುಮಗನಾಗುತ್ತಾನೆ. ಈ ಭಾಗದ ಗಮಕ ವಾಚನ ಹಾಕಿ ಕೇಳಿ. 'ಷ'ಕಾರದ ಸೀಟಿ ಬರುವುದು ಮೇಲಿನ ಪುಟ್ಟ ಟ್ವೀಟರಿನಿಂದ, 'ಯೆ'ಯ ಎಳೆತ ಹೆಚ್ಚಾಗಿ ವೂಫರಿನಿಂದ. ಎರಡರ ನಡುವೆ ಹೊಂದಾಣಿಕೆ ಇರಬೇಕು. ನಿಮ್ಮ 'ಢಬ್ ಢಬ್' ಪೆಟ್ಟಿಗೆ ಆ 'ಯೆ'ಯನ್ನು ನುಂಗಿಬಿಟ್ಟರೆ ಚಂದ್ರಹಾಸನ ಗತಿ ಏನು? ಬಡಪಾಯಿ ನಿಮ್ಮ ಮನೆಯಲ್ಲೇ ವಿಷ ಕುಡಿದು ಸಾಯುತ್ತಾನೆ!

ಸಬ್‌ವೂಫರ್ ಬೇಡವೇ ಅನ್ನುತ್ತೀರಿ. ಗಂಡಸಿನ ಮಾತಿನ ತಳ ಸುಮಾರು 85 ಹರ್ಟ್ಸ್. ಒಳ್ಳೆಯ ನಾಲ್ಕಿಂಚಿನ ವೂಫರ್ ಅಲ್ಲಿಯವರೆಗೆ ಇಳಿಯುತ್ತದೆ. ಡೊಳ್ಳು, ತಮಟೆಯೇ ಉಸಿರು ಅನ್ನುವವರು ಐದಿಂಚಿನದು ತನ್ನಿ. ಇನ್ನೊಂದು ಪರೀಕ್ಷೆ: ಒಬ್ಬರೇ ಓದುವ ವಾಚನ ಹಾಕಿದಾಗ ದನಿ ಎರಡು ಪೆಟ್ಟಿಗೆಗಳ ನಟ್ಟನಡುವೆ ನಿಂತಿರಬೇಕು. ಎಲ್ಲೆಲ್ಲೋ ತೇಲಾಡಿದರೆ ಕೆಂಪು-ಕಪ್ಪು ತಂತಿ ಅದಲು-ಬದಲಾಗಿರುವ ಸಾಧ್ಯತೆ ಹೆಚ್ಚು. ದೆವ್ವ-ಗಿವ್ವ ಏನೂ ಅಲ್ಲ, ಪೂಜಾರಪ್ಪನನ್ನು ಕರೆಸಬೇಡಿ.

ಹೊಸ ಪೆಟ್ಟಿಗೆಯನ್ನು ನೀವು ಇಡುವ ಜಾಗವೂ ನನಗೆ ಗೊತ್ತು: ಮಕ್ಕಳ ಕೈಗೆ ಸಿಗಬಾರದು ಅಂತ ಸಜ್ಜೆಯ ಮೇಲೆ! ನೀವೋ ಚಾಪೆಯ ಮೇಲೆ. ಹಾಡೆಲ್ಲ ಹಲ್ಲಿಗೆ, ನಿಮಗೆ ಉಳಿದದ್ದು ಪ್ರತಿಧ್ವನಿ. ಟ್ವೀಟರು ಕೂತವರ ಕಿವಿಯ ಎತ್ತರದಲ್ಲಿರಬೇಕು. ಎರಡು ಪೆಟ್ಟಿಗೆ, ಒಬ್ಬ ನೀವು, ಮೂರೂ ಸಮದೂರದಲ್ಲಿದ್ದರೆ ಚೆಂದ. ಹಿಂಬದಿಯಲ್ಲಿ ಗಾಳಿಯ ತೂತು ಇದ್ದರೆ ಗೋಡೆಯಿಂದ ಒಂದು ಗೇಣಾದರೂ ಮುಂದಕ್ಕೆ ಎಳೆಯಿರಿ, ಇಲ್ಲವಾದರೆ ದನಿ ಗುಮ್ಮೆನ್ನುತ್ತದೆ. ಸಿಮೆಂಟ್ ಗೋಡೆ, ರೆಡ್ ಆಕ್ಸೈಡ್ ನೆಲ ಸದ್ದನ್ನು ಚೆಂಡಾಡುತ್ತವೆ. ಒಂದು ಕಂಬಳಿ ಹಾಸಿ, ದಪ್ಪ ಪರದೆ ಬಿಡಿ. ಎರಡು ಸಾವಿರ ರೂಪಾಯಿ ಹೆಚ್ಚಿನ ಸ್ಪೀಕರ್ ಕೊಂಡರೂ ಸಿಗದ ಸ್ಪಷ್ಟತೆ ಅದರಿಂದ ಸಿಕ್ಕೀತು.

ಬ್ಲೂಟೂತ್ ಇರಲಿ, ಆದರೆ ಅದನ್ನೇ ನಂಬಬೇಡಿ. ಪಕ್ಕದ ಮನೆ ಹುಡುಗನ ಫೋನು ಒಮ್ಮೆ ಪರಿಚಯ ಮಾಡಿಕೊಂಡರೆ ಸೀತಾ ಪರಿತ್ಯಾಗದ ನಡುವೆ ಐಟಂ ಸಾಂಗ್ ಬರುವುದು ಖಂಡಿತ. ಟಿವಿಗೆ ಬ್ಲೂಟೂತ್ ಹಾಕಿದರೆ ನಾಯಕ ಬಾಯಿ ಮುಚ್ಚಿದ ಮೇಲೆ ಡೈಲಾಗು ಬರುವುದೂ ಉಂಟು. ಟಿವಿಗೆ ಆಪ್ಟಿಕಲ್ ತಂತಿ, ಫೋನಿಗೆ ಆಕ್ಸ್ ತಂತಿ ಹಾಕುವ ಜಾಗ ಇದೆಯೇ ನೋಡಿ ಕೊಳ್ಳಿ. ಇನ್ನು ಕರೆಂಟು. ತೋಟದ ಮೋಟರುಗಳೆಲ್ಲ ಒಟ್ಟಿಗೆ ಹೊರಟಾಗ ಮನೆಯ ಬಲ್ಬು ಕಣ್ಣು ಮುಚ್ಚುವ ಊರು ನಮ್ಮದು; ಒಂದು ಸ್ಟೆಬಿಲೈಸರ್ ಇಡಿ. ಯುಪಿಎಸ್‌ನಲ್ಲಿ ನಡೆಸುವುದಾದರೆ ಸೈನ್ ವೇವ್ ಇರಲಿ, ಅಗ್ಗದ ಸ್ಕ್ವೇರ್ ವೇವ್ ಆದರೆ ಗಮಕಿಯ ಹಿಂದೆ ಜೇನುಹುಳದ ಶ್ರುತಿ ಪುಕ್ಕಟೆ.

ಕೊಳ್ಳಲು ಕಡೂರಿಗೆ ಹೋಗುತ್ತೀರೋ ಬೆಂಗಳೂರಿನ ಎಸ್.ಪಿ. ರೋಡಿಗೋ, ನಿಮ್ಮಿಷ್ಟ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕಕ್ಕೇ. ಅಂಥವರ ವಾಚನವೊಂದನ್ನು ಫೋನಿನಲ್ಲಿಟ್ಟುಕೊಂಡು ಹೋಗಿ. ಅಂಗಡಿಯವನು ನಕ್ಕರೆ ನಗಲಿ. ಸದ್ದು ಸಣ್ಣಗೆ ಇಟ್ಟಾಗಲೂ ಪದ ಪದವೂ ಬಿಡಿಸಿ ಕೇಳಿದರೆ ಆ ಜೋಡಿಯನ್ನು ಕಟ್ಟಿಸಿಕೊಂಡು ಬನ್ನಿ. ವಾಟು ಕಡಿಮೆ ಮಾಡಿ ಉಳಿಸಿದ ದುಡ್ಡಿಗೆ ಒಂದೆರಡು ಪುಸ್ತಕವನ್ನೂ ತನ್ನಿ ಮಾರಾಯರೇ, ಕಪಾಟಿಗೆ ಆ ಹೆಸರಾದರೂ ಸಾರ್ಥಕವಾಗಲಿ.