ಗುಡಿಯಂಗಳದ ರಾಯಭಾರಿ

ಸೋಮವಾರ ಕಲಬುರಗಿಯ ಶರಣಬಸವೇಶ್ವರ ಗುಡಿಗೆ ಹೋದರೆ, ದರ್ಶನ ಮುಗಿಸಿ ಹೊರಬರುವ ಹೊತ್ತಿಗೆ ಕಾಕಾ ಸಿಕ್ಕೇ ಸಿಗುತ್ತಾರೆ. ಬಿಳಿ ಧೋತರ, ನೆಹರೂ ಶರ್ಟು, ಬಗಲಲ್ಲಿ ರೆಕ್ಸಿನ್ ಚೀಲ. ತಹಶೀಲ್ ಕಚೇರಿಯಿಂದ ನಿವೃತ್ತರಾದ ಮೇಲೆ ಮಂದಿಯ ಮನೆಜಗಳ ಹೊತ್ತು ತಿರುಗುವುದೇ ಅವರ ನೌಕರಿ. ಇಂಥವರು ಓಣಿಗೊಬ್ಬರು ಇರುತ್ತಾರೆ, ಆದರೆ ನಮ್ಮ ಕಾಕಾನ ಗತ್ತೇ ಬೇರೆ. "ಕಾರ್ಯಪ್ಪನೋರು ದಂಡಿನಿಂದ ರಿಟೈರ್ ಆಗಿ 1953ರಾಗ ಆಸ್ಟ್ರೇಲಿಯಾಕ್ಕ ಹೈಕಮಿಷನರ್ ಆಗಿ ಹೋಗ್ಲಿಲ್ಲೇನು? ನನಗ ಕಮಲಾಪುರ ಸಿಕ್ಕದ. ಅಷ್ಟೇ ಫರಕ್."

ಆ ಚೀಲ ಯಾರೂ ಮುಟ್ಟುವಂತಿಲ್ಲ. 1961ರ ವಿಯೆನ್ನಾ ಒಪ್ಪಂದದ ಪ್ರಕಾರ ರಾಯಭಾರ ಕಚೇರಿಯ ಚೀಲವನ್ನು ಪರದೇಶದವರು ತೆರೆಯಬಾರದು ಎಂಬುದನ್ನು ಕಾಕಾ ಪೇಪರಿನಲ್ಲಿ ಓದಿದ್ದಾರೆ. ಕಾಕಿ ಮಾತ್ರ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ವಾರಕ್ಕೊಮ್ಮೆ ಚೀಲ ಸುರುವಿ ತಂಬಾಕು ಜಪ್ತಿ ಮಾಡುತ್ತಾರೆ.

ಈಚೆಗೆ ಕಮಲಾಪುರ ಕಡೆಯ ಅಣ್ಣತಮ್ಮಂದಿರ ತೊಗರಿ ಹೊಲದ ಬದುವಿನ ಮೂರು ವರ್ಷದ ತಕರಾರು ಅವರ ಕೈಗೆ ಬಂತು. "ಅವನ ಮಾರಿ ನೋಡಂಗಿಲ್ಲ, ಹೇಳ್ರಿ ಹೋಗಿ" ಎಂದ ಅಣ್ಣ. ತಮ್ಮನ ಮನೆ ಮುಟ್ಟುವಷ್ಟರಲ್ಲಿ ಅದು "ಅಣ್ಣಗ ಜರಾ ಪುರಸೊತ್ತು ಬೇಕಂತ" ಎಂದಾಗಿತ್ತು. "ಬದುವಿಗಿ ಕೈ ಹಚ್ಚಿದ್ರ ಕಾಲು ಮುರೀತೀನಿ" ಎಂಬ ತಮ್ಮನ ಜವಾಬು, ನಡುವೆ ಒಂದು ಚಹಾ ಆಗಿ, ಅಣ್ಣನ ಕಿವಿಗೆ ಬಿದ್ದದ್ದು ಹೀಗೆ: "ಬದುವಿನ ಮ್ಯಾಲ ತಮ್ಮಗೂ ಭಾಳ ಕಾಳಜಿ ಅದ." ದೆಹಲಿಯ ವಿದೇಶಾಂಗದವರು ಜಗಳವಾಡಿ ಎದ್ದು ಬಂದು "ಮುಕ್ತ ಮಾತುಕತೆ ನಡೆಯಿತು" ಎನ್ನುತ್ತಾರಲ್ಲ, ಕಾಕಾ ಅವರಿಗಿಂತ ಒಂದು ಕೈ ಮೇಲೆ.

ಅಣ್ಣ ಕೋರ್ಟಿನ ಹೆಸರೆತ್ತಿದಾಗ ಕಾಕಾ ನಿಜಾಮನನ್ನು ಎಳೆದು ತಂದರು. ಕಲಬುರಗಿ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲ. 1948ರ ಸೆಪ್ಟೆಂಬರಿನಲ್ಲಿ, ಸಂಸ್ಥಾನದ ಪ್ರತಿನಿಧಿಯೊಬ್ಬ ಲಂಡನ್ ಬ್ಯಾಂಕಿನಲ್ಲಿದ್ದ ಸುಮಾರು 10 ಲಕ್ಷ ಪೌಂಡನ್ನು ಪಾಕಿಸ್ತಾನದ ಹೈಕಮಿಷನರ್ ಖಾತೆಗೆ ದಾಟಿಸಿಬಿಟ್ಟ. ಆ ರೊಕ್ಕ ಯಾರದೆಂದು ಅಲ್ಲಿನ ಕೋರ್ಟು ತೀರ್ಪು ಕೊಟ್ಟದ್ದು 2019ರಲ್ಲಿ. "71 ವರ್ಷ! ನಿಜಾಮನೂ ಹೋದ, ಅವನ ಏಜೆಂಟನೂ ಹೋದ. ನಿಮ್ಮ ಬದುವಿಗಿ ಎಷ್ಟ ಬೇಕಂತ ನೀವೇ ಲೆಕ್ಕಾ ಹಾಕ್ರಿ."

ಅಣ್ಣ ಲೆಕ್ಕ ಹಾಕಿದ. ಶೃಂಗಸಭೆ ಗುಡಿಯಲ್ಲೇ ಎಂದು ನಿಶ್ಚಯವಾಯಿತು. ಶರಣಬಸವೇಶ್ವರನ ಮುಂದೆ ಸುಳ್ಳಾಡಲು ಯಾರಿಗೂ ಧೈರ್ಯವಿಲ್ಲ, ಕಾಕಾ ಒಬ್ಬರನ್ನು ಬಿಟ್ಟರೆ. ತಮ್ಮ ಕರೆದಿದ್ದಾನೆಂದು ಅಣ್ಣನಿಗೂ, ಅಣ್ಣ ಕರೆದಿದ್ದಾನೆಂದು ತಮ್ಮನಿಗೂ ಹೇಳಿ ಕರೆತಂದು, ದಾಸೋಹದ ಪಂಗತಿಯಲ್ಲಿ ಇಬ್ಬರ ನಡುವೆ ತಾವು ಕೂತರು. ಅನ್ನದ ಮೇಲೆ ಸಾರು ಬೀಳುವವರೆಗೆ ಎಲ್ಲ ಶಾಂತ.

"ನಿನಗ ಪುರಸೊತ್ತು ಸಿಕ್ತೇನಪಾ?" ಎಂದು ತಮ್ಮ ಕೇಳಿದ.

"ಯಾವ ಪುರಸೊತ್ತು? ನೀನಾ ಬದುವಿನ ಮ್ಯಾಲ ಭಾಳ ಕಾಳಜಿ ಮಾಡ್ಲತ್ತೀ ಅಂತಲ್ಲೋ?"

"ನಾ ಕಾಲು ಮುರೀತೀನಿ ಅಂದಿದ್ದೆ!"

ಇಬ್ಬರೂ ಕಾಕಾನ ಕಡೆ ತಿರುಗಿದರು. ಕಾಕಾ ಸಾರಿನಲ್ಲಿ ಕರಿಬೇವು ಹುಡುಕುತ್ತಿದ್ದರು. ಅಣ್ಣನಿಗೆ ನಗು ತಡೆಯಲಿಲ್ಲ, ತಮ್ಮನಿಗೂ ಬಂತು. ಊಟ ಮುಗಿಯುವುದರೊಳಗೆ ಬದುವಿನ ಮಾತು ಅವರವರಲ್ಲೇ ತೀರಿತು. ಕೈ ತೊಳೆದವರೇ ಇಬ್ಬರೂ, ಕಾಕಾ ಇನ್ನು ತಮ್ಮ ಹೊಸ್ತಿಲು ತುಳಿಯಬಾರದೆಂದರು. ವಿಯೆನ್ನಾ ಒಪ್ಪಂದದ 9ನೇ ಕಲಮಿನ ಪ್ರಕಾರ, ಬೇಡವಾದ ರಾಯಭಾರಿಯನ್ನು ಕಾರಣ ಹೇಳದೆಯೂ ಕಳಿಸಬಹುದು. ಇವರು ಕಾರಣವನ್ನೂ ಹೇಳಿದರು, ಇಡೀ ಪಂಗತಿಗೆ ಕೇಳುವ ಹಾಗೆ.

ಕಾಕಾ ಚೀಲ ಬಗಲಿಗೇರಿಸಿ ನನ್ನತ್ತ ಬಾಗಿದರು: "ಇಬ್ಬರೂ ಒಂದೇ ಮಾತ ಹೇಳ್ಲತ್ತಾರ, ಕೇಳಿದ್ರೇನು? ಮೂರು ವರ್ಷದಾಗ ಇದೇ ಮೊದಲು!"