ಕೀ ಹಂಚುವವನಿಗೇ ರೂಮಿಲ್ಲ

ಮದುವೆ ಛತ್ರದಲ್ಲಿ ರೂಮಿನ ಕೀ ಗೊಂಚಲು ಹಿಡಿದು ಓಡಾಡುವ ದೊಡ್ಡಪ್ಪ ಒಬ್ಬರಿರುತ್ತಾರಲ್ಲ, ಆಫೀಸಿನ ನೆಟ್‌ವರ್ಕಿನಲ್ಲಿ ಆ ಕೆಲಸ ಡಿಎಚ್‌ಸಿಪಿ ಸರ್ವರಿನದು. ಫೋನು ಒಳಗೆ ಬಂದು ‘ಯಾರಾದ್ರೂ ಇದ್ದೀರಾ?’ ಅಂತ ಕೂಗುತ್ತದೆ. ‘23 ಖಾಲಿ ಇದೆ.’ ‘ಅದೇ ಕೊಡಿ.’ ‘ತಗೋ, ಇಷ್ಟು ದಿನಕ್ಕೆ.’ ನಾಲ್ಕೇ ಮಾತು. ಎಲ್ಲ ನೆಟ್ಟಗಿದ್ದರೆ ಇಂಥದ್ದೊಂದು ಇದೆ ಅಂತಲೂ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಾಯಿತು, ನನ್ನ ದೆಸೆಯಿಂದ.

ರೂಮುಗಳು, ಅಂದರೆ ಐಪಿ ವಿಳಾಸಗಳು, ಶೇ. 90ರಷ್ಟು ಖರ್ಚಾದರೆ ನನಗೆ ಮೇಲ್ ಬರುವ ಏರ್ಪಾಡು ಮಾಡಿದೆ. ಬಂತು. ದಿನಕ್ಕೆ ನಲವತ್ತು ಬಂತು. ರಗಳೆಯೇ ಬೇಡವೆಂದು ಅವನ್ನೆಲ್ಲ ಒಂದು ಫೋಲ್ಡರಿಗೆ ತಳ್ಳಿ ಕಾಫಿಗೆ ಹೋದೆ. (ನೀವೂ ಮಾಡಿದ್ದೀರಿ, ಸುಮ್ಮನಿರಿ.) ಇದ್ದದ್ದು 254 ವಿಳಾಸ, ಒಬ್ಬೊಬ್ಬರ ಕೈಯಲ್ಲೂ ಎರಡೆರಡು ಫೋನು. ಒಂದು ಬೆಳಿಗ್ಗೆ ಮ್ಯಾನೇಜರ್ ಲ್ಯಾಪ್‌ಟಾಪಿನಲ್ಲಿ 169.254ರಿಂದ ಶುರುವಾಗುವ ನಂಬರು ಕಾಣಿಸಿತು. ಯಾರೂ ಕೀ ಕೊಡದಿದ್ದಾಗ ಯಂತ್ರ ತಾನೇ ಜಗಲಿಯಲ್ಲಿ ಚಾಪೆ ಹಾಸಿಕೊಂಡ ಗುರುತು ಅದು.

ರೂಮು ಬೇಗ ಖಾಲಿಯಾಗಲಿ ಅಂತ ಲೀಸ್ ಅವಧಿಯನ್ನು 60 ಮಾಡಿದೆ. ನನ್ನ ತಲೆಯಲ್ಲಿ ನಿಮಿಷ. ಸರ್ವರಿನ ಸೆಟ್ಟಿಂಗ್ ಫೈಲಿನಲ್ಲಿ ಸೆಕೆಂಡು! ಅರ್ಧ ಅವಧಿ ಕಳೆಯುತ್ತಲೇ ಯಂತ್ರಗಳು ನವೀಕರಣ ಕೇಳುತ್ತವೆ. ಇನ್ನೂರೈವತ್ತು ನೆಂಟರು ಅರ್ಧ ನಿಮಿಷಕ್ಕೊಮ್ಮೆ ‘ಇನ್ನೂ ಇರಬಹುದಾ?’ ಅಂತ ಕೇಳಿ ಕೇಳಿ, ನಿಮಿಷಕ್ಕೆ ಸಾವಿರ ಸಾಲು ಲಾಗ್ ಬರೆದು, ಡಿಸ್ಕ್ ತುಂಬಿ ಸರ್ವರ್ ಅಂಗಾತ ಮಲಗಿತು. ರೇಗಿಹೋಗಿ ವಿಳಾಸಗಳನ್ನು 510ಕ್ಕೆ ಹಿಗ್ಗಿಸಿ, ಅವಧಿಗೆ 691200 ಅಂತ ಬರೆದೆ. ಎಂಟು ದಿನ.

ಅಷ್ಟರಲ್ಲಿ ಸ್ಥಳಾಂತರದ ಹುಕಿ. ನಮ್ಮ ಹಳೆಯ ಐಎಸ್‌ಸಿ ಸರ್ವರನ್ನು ಮಾಡಿದವರೇ 2022ರಲ್ಲಿ ಅದರ ಕೈ ಬಿಟ್ಟಿದ್ದರು. ಹೊಸ ಯಂತ್ರದಲ್ಲಿ ಅದರ ಬದಲಿಗೆ ಕಿಯಾ (ಕಾರಲ್ಲ) ಎಂಬ ಸರ್ವರ್ ಕೂರಿಸಿ, ಹಳೆಯದನ್ನು ನಿಲ್ಲಿಸಿ, ಮೈಸೂರು ಪಾಕ್ ಹಂಚಿದೆ. ಏಳು ದಿನ ರಾಮರಾಜ್ಯ. ಎಂಟನೆಯ ದಿನ ಬಂದವರಿಗೆಲ್ಲ ಜಗಲಿಯೇ ಗತಿ. ಯಾಕೆಂದರೆ ಹೊಸ ಸರ್ವರಿನ ಸ್ವಂತ ವಿಳಾಸವನ್ನು ನಾನು ಹಳೆಯದರಿಂದ ಲೀಸಿಗೆ ಪಡೆದಿದ್ದೆ! ಅವಧಿ ಮುಗಿದು ಕೀ ಗೊಂಚಲಿನ ಸಮೇತ ದೊಡ್ಡಪ್ಪನೇ ಬೀದಿಗೆ ಬಿದ್ದಿದ್ದರು.

ಗಾಬರಿಯಲ್ಲಿ ಹಳೆಯದನ್ನೂ ಎಬ್ಬಿಸಿದೆ. ಈಗ ಒಂದೇ ಛತ್ರಕ್ಕೆ ಇಬ್ಬರು ದೊಡ್ಡಪ್ಪಂದಿರು. ಹಳೆಯವರ ಲೆಕ್ಕದಲ್ಲಿ ಎಲ್ಲರ ಅವಧಿಯೂ ಮುಗಿದು ರೂಮೆಲ್ಲ ಖಾಲಿ. ಪಾಪ, ಬಾಗಿಲು ತಟ್ಟಿ ನೋಡಿಯೇ ಕೊಡುತ್ತಾರೆ. ಒಳಗೆ ನಿದ್ದೆ ಹೋದವರು ಓಗೊಡದಿದ್ದರೆ? ಮ್ಯಾನೇಜರ್ ಲ್ಯಾಪ್‌ಟಾಪೂ ಹಾಜರಿ ತೆಗೆದುಕೊಳ್ಳುವ ಬೆರಳಚ್ಚಿನ ಯಂತ್ರವೂ ಒಂದೇ ರೂಮಿನಲ್ಲಿ ಕಿತ್ತಾಡತೊಡಗಿದವು. ಪರಿಹಾರ ಹುಡುಕೋಣವೆಂದರೆ ನನ್ನ ಲ್ಯಾಪ್‌ಟಾಪಿಗೇ ವಿಳಾಸವಿಲ್ಲ.

ಮೆಟ್ಟಿಲ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಸೆಕ್ಯುರಿಟಿಯವರು ಹತ್ತಿರ ಬಂದು, “ನನ್ನ ಹಾಟ್‌ಸ್ಪಾಟ್ ಹಾಕ್ಕೊಳ್ಳಿ ಸಾರ್” ಅಂದರು. ಒಂದೇ ಸೆಕೆಂಡು: 192.168.43.112. ಅವರ ಆ ಹಳೇ ಫೋನಿನೊಳಗೂ ಒಂದು ಡಿಎಚ್‌ಸಿಪಿ ಸರ್ವರ್ ಇತ್ತು, ಹೆಚ್ಚುಕಮ್ಮಿ ಏನೂ ಇಲ್ಲದೆ ಓಡುತ್ತಿತ್ತು.

“ಬಂತಾ ಸಾರ್?”

“ಬಂತಣ್ಣ.”

“ದಿನಕ್ಕೆ ಒಂದೂವರೆ ಜಿಬಿ ಅಷ್ಟೇ ಸಾರ್, ನೋಡ್ಕೊಂಡು ಬಳಸಿ.”